ಕಾತಿಬ್ ಎದ್ದು ಹೋದ ಮೇಲೆ

ಉರ್ದು ಪತ್ರಿಕೆಗಳ ಕಚೇರಿಗಳಲ್ಲಿ ಒಂದು ಕಾಲಕ್ಕೆ ಸಂಪಾದಕರ ಕುರ್ಚಿಗಿಂತ ಕಾತಿಬರ ಚಾಪೆಗೆ ಹೆಚ್ಚು ತೂಕವಿತ್ತು ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಸಂಪಾದಕರು ಊರಲ್ಲಿ ಇಲ್ಲದ ದಿನವೂ ಪತ್ರಿಕೆ ಹೊರಬರುತ್ತಿತ್ತು. ಕಾತಿಬರಿಗೆ ಜ್ವರ ಬಂದರೆ ಪತ್ರಿಕೆ ನಿಲ್ಲುತ್ತಿತ್ತು. ಕಾತಿಬ್ ಎಂದರೆ ಬರೆಯುವವನು. ಕಥೆ, ಲೇಖನ ಬರೆಯುವವನಲ್ಲ. ಬೇರೆಯವರು ಗೀಚಿ ಕೊಟ್ಟದ್ದನ್ನು ಅಚ್ಚಿಗಾಗಿ ಅಂದವಾಗಿ ಬರೆದುಕೊಡುವವನು. ಕನ್ನಡ ಪತ್ರಿಕೆಯಲ್ಲಿ ಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸವನ್ನು ಉರ್ದುವಿನಲ್ಲಿ ಈತ ಬಿದಿರಿನ ಲೇಖನಿಯಿಂದ ಮಾಡುತ್ತಿದ್ದ.

ಇಂಥ ಒಬ್ಬರನ್ನು ನಾನು ಹತ್ತಿರದಿಂದ ನೋಡಿದ್ದು 1997ರಲ್ಲಿ. ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಪಿಯುಸಿ ಓದುತ್ತಿದ್ದೆ. ಪ್ರಾಥಮಿಕ ಶಾಲೆಯನ್ನು ಉರ್ದುವಿನಲ್ಲೂ ಹೈಸ್ಕೂಲನ್ನು ಕನ್ನಡದಲ್ಲೂ ಮುಗಿಸಿದ್ದೆನಾದ್ದರಿಂದ ಅಲ್ಲಿನ ಒಂದು ಉರ್ದು ವಾರಪತ್ರಿಕೆಯವರು ಸಂಜೆ ಹೊತ್ತು ಕರೆಯುತ್ತಿದ್ದರು. ಕನ್ನಡದ ಸುದ್ದಿಗಳನ್ನು ಉರ್ದುವಿಗೆ ಇಳಿಸುವುದು, ಪ್ರೂಫ್ ನೋಡುವುದು ನನ್ನ ಕೆಲಸ. ಅಲ್ಲಿನ ಕಾತಿಬರನ್ನು ಎಲ್ಲರೂ ಹಜ್ರತ್ ಎನ್ನುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ನೆಲದ ಮೇಲೆ ಕೂತು, ಒಂದು ಮೊಣಕಾಲನ್ನು ಮಡಿಚಿ ಎತ್ತಿ, ಅದಕ್ಕೆ ಹಲಗೆ ಆನಿಸಿಕೊಂಡು ಬರೆಯುತ್ತಿದ್ದರು. ಬರೆಯುವಾಗ ಯಾರೂ ಮಾತಾಡಿಸುವಂತಿರಲಿಲ್ಲ, ಸಂಪಾದಕರೂ ಸಹ.

ಒಂದು ಸಂಜೆ ಕೆರೆಯ ಹೂಳು ತೆಗೆಯುವ ಕಾಮಗಾರಿಯ ಸುದ್ದಿಯನ್ನು ಅವಸರದಲ್ಲಿ ಅನುವಾದಿಸಿ ಕೊಟ್ಟಿದ್ದೆ. ಅರ್ಧ ಗಂಟೆಯ ಬಳಿಕ ಹಜ್ರತ್ ಕರೆದರು. ‘ಮಿಯಾ, ಇವರು ಕೆರೆಯ ಹೂಳು ತೆಗೆಯುತ್ತಾರೋ, ಇಲ್ಲ ಕೆರೆಯನ್ನೇ ಹೂಳುತ್ತಾರೋ?’ ಎಂದು ಕೇಳಿದರು. ನಾನು ಕೆರೆಯನ್ನು ದಫನ್ ಮಾಡಿಬಿಟ್ಟಿದ್ದೆ! ಅವರು ನಗಲಿಲ್ಲ. ಲೇಖನಿಯನ್ನು ಬದಿಗಿಟ್ಟು, ನಾನು ತಿದ್ದಿ ಕೊಡುವ ತನಕ ಕಾದರು. ಬೇರೆಯವರ ತಪ್ಪನ್ನು ಹಿಡಿಯುವುದು ಅವರ ಸಂಬಳದ ಪಟ್ಟಿಯಲ್ಲಿ ಇರಲಿಲ್ಲ. ಅವರಿಗೆ ಕೊಡುತ್ತಿದ್ದದ್ದು ಪುಟಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ, ಬರೆದ ಅಕ್ಷರಕ್ಕೆ ಮಾತ್ರ.

ಮುಂದಿನ ವರ್ಷ ಆ ಕಚೇರಿಗೆ ಕಂಪ್ಯೂಟರ್ ಬಂತು. ಹಜ್ರತ್ ಎದ್ದು ಹೋದರು. ಈ ಕಥೆಯನ್ನು ಸಾಮಾನ್ಯವಾಗಿ ಒಂದು ಅಂದವಾದ ಕಲೆ ಅಳಿದುಹೋದ ದುಃಖವಾಗಿ ಹೇಳುತ್ತಾರೆ. ಅದು ನಿಜವೇ. ಆದರೆ ಅಂದದ ಜೊತೆಗೆ ಇನ್ನೊಂದೂ ಹೋಯಿತು. ಅದು ಯಾವುದು, ಹೇಗೆ ಹೋಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಿನಿಂದ ನೋಡಬೇಕಾಗುತ್ತದೆ.

ಕಲ್ಲಚ್ಚಿನ ಕಾಲ

ಯಂತ್ರ ಬಂದಾಗಲೆಲ್ಲ ಕೈಕೆಲಸದವರು ಬೀದಿಗೆ ಬೀಳುತ್ತಾರೆ ಎಂಬ ಮಾತು ಪೂರ್ತಿ ಸರಿಯಲ್ಲ. ಕಾತಿಬರ ಚರಿತ್ರೆಯೇ ಅದಕ್ಕೆ ಸಾಕ್ಷಿ. ಇಸ್ತಾಂಬುಲಿನಲ್ಲಿ ಇಬ್ರಾಹಿಂ ಮುತಫರ್ರಿಕಾ 1727ರಲ್ಲಿ ಸುಲ್ತಾನರ ಅನುಮತಿ ಪಡೆದು 1729ರಲ್ಲಿ ಮೊದಲ ಪುಸ್ತಕ ಅಚ್ಚು ಮಾಡಿದ. ಮೊಳೆ ಅಚ್ಚು ಅಲ್ಲಿ ಬಹುಕಾಲ ಬೇರೂರಲಿಲ್ಲ. ಹಿಂದುಸ್ತಾನದಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನವರು 19ನೇ ಶತಮಾನದ ಆರಂಭದಲ್ಲಿಯೇ ಉರ್ದು ಪುಸ್ತಕಗಳಿಗೆ ನಸ್ತಲೀಖ್ ಮೊಳೆಗಳನ್ನು ಬಳಸಿದರು. ಆ ಪುಸ್ತಕಗಳು ಬಂದವು, ಆದರೆ ಓದುಗರ ಕಣ್ಣಿಗೆ ಹಿಡಿಸಲಿಲ್ಲ.

ಕಾರಣ ಲಿಪಿಯಲ್ಲೇ ಇದೆ. ಕನ್ನಡದ ಅಕ್ಷರಗಳು ಸಾಲಿನಲ್ಲಿ ಪಕ್ಕಪಕ್ಕ ನಿಲ್ಲುತ್ತವೆ. ನಸ್ತಲೀಖ್ ಹಾಗಲ್ಲ. ಪ್ರತಿ ಪದವೂ ಬಲದ ಮೇಲ್ತುದಿಯಿಂದ ಎಡಕ್ಕೆ ಇಳಿಜಾರಾಗಿ ಜಾರುತ್ತದೆ. ಒಂದೇ ಅಕ್ಷರ ತನ್ನ ಹಿಂದೆ ಮುಂದೆ ಯಾರಿದ್ದಾರೆ ಎಂಬುದನ್ನು ನೋಡಿ ಆಕಾರ ಬದಲಿಸುತ್ತದೆ. ಚೌಕಾಕಾರದ ಸೀಸದ ಮೊಳೆಗೆ ಈ ಇಳಿಜಾರು ಒಗ್ಗುವುದಿಲ್ಲ. ನೂರಾರು ಮೊಳೆ ಬೇಕು, ಜೋಡಿಸಿದರೂ ಪದ ಮುರಿದಂತೆ ಕಾಣುತ್ತದೆ.

ಈ ಬಿಕ್ಕಟ್ಟಿಗೆ ಪರಿಹಾರ ಬಂದದ್ದು ಜರ್ಮನಿಯ ಬವೇರಿಯಾದಿಂದ. ಅಲೋಯಿಸ್ ಸೆನೆಫೆಲ್ಡರ್ ಎಂಬಾತ 18ನೇ ಶತಮಾನದ ಕೊನೆಗೆ ಕಲ್ಲಚ್ಚನ್ನು ಕಂಡುಹಿಡಿದ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿದರೆ ಅಚ್ಚಿನ ಮಸಿ ಬರಹಕ್ಕೆ ಮಾತ್ರ ಅಂಟುತ್ತದೆ. ಇಷ್ಟೇ ಅದರ ಗುಟ್ಟು. ಇಲ್ಲಿ ಮೊಳೆಯೇ ಬೇಕಿಲ್ಲ. ಕೈಬರಹ ಹೇಗಿದೆಯೋ ಹಾಗೇ ಸಾವಿರ ಪ್ರತಿಯಾಗುತ್ತದೆ. ನಮ್ಮ ಕನ್ನಡದ ಮೊದಲ ಪತ್ರಿಕೆಯೂ ಕಲ್ಲಿನ ಮೇಲೆಯೇ ಹುಟ್ಟಿತು ಎಂಬುದನ್ನು ಇಲ್ಲಿ ನೆನೆಯಬೇಕು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲೇ ಹೊರತಂದರು. ಮರುವರ್ಷ ಮೊಳೆ ಅಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಪತ್ರಿಕೆ ಹೋಯಿತು. ಕನ್ನಡ ಕಲ್ಲನ್ನು ಬಿಟ್ಟು ಮೊಳೆಗೆ ಹೊರಳಿತು. ಉರ್ದು ಕಲ್ಲಿನಲ್ಲೇ ಉಳಿಯಿತು. ಸರ್ ಸೈಯದರು ಅಲಿಗಢದ ಗೆಜೆಟನ್ನು ಮೊಳೆಯಲ್ಲಿ ಅಚ್ಚು ಹಾಕಿಸಿದರು, ಮೌಲಾನಾ ಆಜಾದರು 1912ರಲ್ಲಿ ‘ಅಲ್ ಹಿಲಾಲ್’ ಅನ್ನು ಮೊಳೆಯಲ್ಲೇ ತಂದರು. ಅಷ್ಟು ದೊಡ್ಡವರು ಹೇಳಿದರೂ ಉರ್ದು ಓದುಗ ನಸ್ತಲೀಖನ್ನು ಬಿಡಲಿಲ್ಲ.

ಹೀಗಾಗಿ ಕಲ್ಲಚ್ಚು ಕಾತಿಬರ ಕೆಲಸವನ್ನು ಕಸಿಯಲಿಲ್ಲ, ಹೆಚ್ಚಿಸಿತು. ಮುನ್ಷಿ ನವಲ್ ಕಿಶೋರರು 1858ರಲ್ಲಿ ಲಖನೌದಲ್ಲಿ ತೆರೆದ ಮುದ್ರಣಾಲಯ ಕೆಲವೇ ದಶಕಗಳಲ್ಲಿ ಏಷ್ಯಾದ ಅತಿ ದೊಡ್ಡ ಮುದ್ರಣಾಲಯಗಳಲ್ಲಿ ಒಂದಾಯಿತು. ಒಬ್ಬ ಹಿಂದೂ ಮಾಲಿಕರ ಮುದ್ರಣಾಲಯದಿಂದ ಕುರ್‌ಆನ್ ಪ್ರತಿಗಳೂ ಪುರಾಣಗಳೂ ಹೊರಬಂದವು.

ಇಂಥ ದೊಡ್ಡ ಮುದ್ರಣಾಲಯದಲ್ಲಿ ಒಂದು ಪುಟ ಯಾರ ಯಾರ ಕೈದಾಟಿ ಬರುತ್ತಿತ್ತು ನೋಡಿ. ಕಾತಿಬ್ ಗಂಜಿ ಸವರಿದ ಹಳದಿ ಕಾಗದದ ಮೇಲೆ ಬರೆಯುತ್ತಿದ್ದ. ಅದನ್ನು ಮೂಲದೊಂದಿಗೆ ತಾಳೆ ನೋಡುವವನು ಮುಸಹ್ಹಿಹ್. ಈತ ಸಾಮಾನ್ಯ ನೌಕರನಲ್ಲ. ಅರಬಿ ಫಾರಸಿ ಬಲ್ಲ ವಿದ್ವಾಂಸರನ್ನೇ ಈ ಕೆಲಸಕ್ಕೆ ಇಡುತ್ತಿದ್ದರು. ಆಮೇಲೆ ಬರಹ ಕಲ್ಲಿಗೆ ಇಳಿದಾಗ, ಅಲ್ಲಿ ಉಳಿದ ದೋಷಗಳನ್ನು ತಿದ್ದುವವನು ಸಂಗ್‌ಸಾಜ್. ಕಲ್ಲಿನ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂತಿರುತ್ತದೆ. ಆತ ತಿರುಗಿದ ಅಕ್ಷರವನ್ನೇ ಸರಾಗವಾಗಿ ಓದಿ, ತಿರುಗಿದಂತೆಯೇ ಬರೆದು ತಿದ್ದಬೇಕು. ಅಂದರೆ ಒಂದು ಪುಟ ಓದುಗನನ್ನು ಮುಟ್ಟುವ ಮೊದಲು ಲೇಖಕನಲ್ಲದೆ ಕನಿಷ್ಠ ಮೂರು ಜೋಡಿ ಕಣ್ಣುಗಳು ಅದನ್ನು ಅಕ್ಷರ ಬಿಡದೆ ಓದುತ್ತಿದ್ದವು.

ಇದು ಹೊಸ ಪದ್ಧತಿಯೂ ಆಗಿರಲಿಲ್ಲ. ಅಬ್ಬಾಸಿಯರ ಬಗ್ದಾದಿನಲ್ಲಿ ಕಾಗದದ ಮೇಲೆ ಪುಸ್ತಕ ನಕಲು ಮಾಡಿ ಮಾರುವ ವರ್ರಾಕರ ಬೀದಿಯೇ ಇತ್ತು. ಅವರ ಕಾಲದಿಂದಲೂ ನಕಲು ಮುಗಿಯಿತೆಂದರೆ ಕೆಲಸ ಮುಗಿಯಿತೆಂದಲ್ಲ. ಒಬ್ಬ ಮೂಲವನ್ನು ಜೋರಾಗಿ ಓದಬೇಕು, ಇನ್ನೊಬ್ಬ ನಕಲಿನ ಮೇಲೆ ಬೆರಳಿಟ್ಟು ಕೇಳಬೇಕು. ಇದಕ್ಕೆ ಮುಕಾಬಲಾ ಎಂದು ಹೆಸರು. ಎಲ್ಲಿಯವರೆಗೆ ತಾಳೆ ನೋಡಿದ್ದಾಯಿತು ಎಂಬ ಗುರುತನ್ನು ಅಂಚಿನಲ್ಲಿ ಬರೆದಿಡುತ್ತಿದ್ದರು. ಹಳೆಯ ಅರಬಿ ಹಸ್ತಪ್ರತಿಗಳಲ್ಲಿ ಆ ಗುರುತುಗಳನ್ನು ಈಗಲೂ ಕಾಣಬಹುದು.

ಹಾಗೆಂದು ಕಾತಿಬರೆಲ್ಲ ದೋಷರಹಿತರು ಎಂದು ಯಾರೂ ತಿಳಿಯಬೇಕಾಗಿಲ್ಲ. ಉರ್ದುವಿನಲ್ಲಿ ‘ಸಹ್ವೆ ಕಾತಿಬ್’, ಅಂದರೆ ಕಾತಿಬನ ಕೈತಪ್ಪು, ಎಂಬ ನುಡಿಗಟ್ಟೇ ಇದೆ. 1861ರಲ್ಲಿ ದಿಲ್ಲಿಯಲ್ಲಿ ಅಚ್ಚಾದ ತನ್ನ ದೀವಾನಿನಲ್ಲಿ ತುಂಬಿದ್ದ ತಪ್ಪುಗಳನ್ನು ಕಂಡು ಮಿರ್ಜಾ ಗಾಲಿಬ್ ಪತ್ರಗಳಲ್ಲಿ ಗೋಳಾಡಿಕೊಂಡಿದ್ದಾನೆ. ತಿದ್ದಿದ ಪ್ರತಿಯೊಂದನ್ನು ಕಳಿಸಿ ಮರುವರ್ಷ ಕಾನ್ಪುರದಲ್ಲಿ ಮತ್ತೆ ಅಚ್ಚು ಹಾಕಿಸಬೇಕಾಯಿತು. ಆದರೆ ಇಲ್ಲಿ ಒಂದು ವಿಷಯ ಗಮನಿಸಬೇಕು. ತಪ್ಪು ಯಾರದು ಎಂದು ಗಾಲಿಬನಿಗೆ ಗೊತ್ತಿತ್ತು. ಬೈಯಲು ಒಬ್ಬ ಮನುಷ್ಯನಿದ್ದ.

ಒಂದೊಂದೇ ಜೋಡಿ ಕಣ್ಣು

ಕಣ್ಣುಗಳು ಕಡಿಮೆಯಾಗಲು ಕಂಪ್ಯೂಟರ್ ಬರಬೇಕಾಗಿರಲಿಲ್ಲ. ದೊಡ್ಡ ಮುದ್ರಣಾಲಯಗಳ ವೈಭವ ಇಳಿದು, ಸಣ್ಣ ಬಂಡವಾಳದ ಪತ್ರಿಕೆಗಳು ಹೆಚ್ಚಿದಂತೆ ಮುಸಹ್ಹಿಹ್‌ನಂಥ ವಿದ್ವಾಂಸನನ್ನು ಸಾಕುವುದು ಕಷ್ಟವಾಯಿತು. ಆಫ್‌ಸೆಟ್ ಬಂದ ಮೇಲೆ ಕಲ್ಲೇ ಹೋಯಿತು, ಕಲ್ಲಿನೊಂದಿಗೆ ಸಂಗ್‌ಸಾಜನೂ ಹೋದ. ಈಗ ಕಾತಿಬ್ ಬಟರ್ ಪೇಪರಿನ ಮೇಲೆ ಬರೆದರಾಯಿತು, ಕ್ಯಾಮರಾ ಅದರ ಚಿತ್ರ ತೆಗೆದು ತಗಡಿಗೆ ಇಳಿಸುತ್ತದೆ. ಹೋದ ಇಬ್ಬರ ಕೆಲಸವೂ ಸದ್ದಿಲ್ಲದೆ ಕಾತಿಬನ ತಲೆಗೆ ಬಂತು. ಅದಕ್ಕಾಗಿ ಅವನಿಗೆ ಯಾರೂ ಒಂದು ಪೈಸೆ ಹೆಚ್ಚು ಕೊಡಲಿಲ್ಲ. ಅವನಾದರೂ ಕೇಳಲಿಲ್ಲ, ಏಕೆಂದರೆ ಓದದೆ ಬರೆಯುವುದು ಅವನಿಗೆ ಸಾಧ್ಯವೇ ಇರಲಿಲ್ಲ. ನಸ್ತಲೀಖಿನಲ್ಲಿ ಪದ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಅದನ್ನು ಆರಂಭಿಸಲಾಗುವುದಿಲ್ಲ. ಇಳಿಜಾರಿನ ಎತ್ತರ ಪದದ ಉದ್ದದ ಮೇಲೆ ನಿಂತಿದೆ. ಮೊದಲು ಓದಬೇಕು, ಆಮೇಲೆ ಲೇಖನಿ ಊರಬೇಕು. ಕಾತಿಬ್ ಪತ್ರಿಕೆಯ ಮೊದಲ ಓದುಗನಾದದ್ದು ಹೀಗೆ.

ಕೊನೆಯ ಹೆಜ್ಜೆ ಇಟ್ಟದ್ದು ಕರಾಚಿಯ ಮಿರ್ಜಾ ಅಹ್ಮದ್ ಜಮೀಲ್. ಅವರು ಯಂತ್ರದ ಮನುಷ್ಯರಲ್ಲ. ಸುಂದರ ಬರಹದ ಮನೆತನದಲ್ಲಿ ಹುಟ್ಟಿದವರು, ಮುದ್ರಣದ ವ್ಯವಹಾರದಲ್ಲಿದ್ದವರು. ಚೀನೀ ಲಿಪಿಯ ಸಾವಿರಾರು ಆಕೃತಿಗಳನ್ನು ಒಂದು ಯಂತ್ರ ಕೂಡಿಸಬಲ್ಲದು ಎಂದಾದರೆ ಉರ್ದುವಿನ ಪದಭಾಗಗಳನ್ನು ಯಾಕೆ ಕೂಡಿಸಬಾರದು ಎಂಬುದು ಅವರಿಗೆ ಹೊಳೆದ ಯೋಚನೆ. ಅಕ್ಷರಗಳನ್ನು ಬಿಡಿ ಬಿಡಿಯಾಗಿ ಜೋಡಿಸುವ ಗೋಜೇ ಬೇಡ, ಕೂಡಿದ ಆಕೃತಿಗಳನ್ನೇ ಇಡಿಯಾಗಿ ಬರೆದುಕೊಟ್ಟರಾಯಿತು ಎಂದುಕೊಂಡರು. ಇಂಗ್ಲೆಂಡಿನ ಮೊನೊಟೈಪ್ ಕಂಪನಿ ಮತ್ತು ಗೆಳೆಯ ಮತ್ಲೂಬುಲ್ ಹಸನ್ ಸೈಯದ್ ಜೊತೆಗೂಡಿದರು. ಹದಿನೆಂಟು, ಇಪ್ಪತ್ತು ಸಾವಿರದಷ್ಟು ಆಕೃತಿಗಳನ್ನು ಜಮೀಲರು ಕೈಯಿಂದಲೇ ಬರೆದರು. ತಂದೆ ನೂರ್ ಅಹ್ಮದರ ನೆನಪಿಗೆ ಅದಕ್ಕೆ ‘ನೂರಿ ನಸ್ತಲೀಖ್’ ಎಂದು ಹೆಸರಿಟ್ಟರು. 1981ರ ಅಕ್ಟೋಬರ್ 1ರಂದು ‘ಜಂಗ್’ ಪತ್ರಿಕೆಯ ಲಾಹೋರ್ ಆವೃತ್ತಿ ಈ ಲಿಪಿಯಲ್ಲಿ ಕಂಪ್ಯೂಟರಿನಿಂದ ಹೊರಬಂತು. ಕಾತಿಬರನ್ನು ಮನೆಗೆ ಕಳಿಸಿದ ಯಂತ್ರದೊಳಗೆ ಕೂತಿದ್ದುದೂ ಒಬ್ಬ ಮನುಷ್ಯನ ಕೈಬರಹವೇ!

ಆ ಯಂತ್ರ ದುಬಾರಿ. ದೊಡ್ಡ ಪತ್ರಿಕೆಗಳಿಗಷ್ಟೇ ಅದು ಎಟುಕಿತು. ಸಣ್ಣವರ ಬಾಗಿಲಿಗೆ ಬಂದದ್ದು 1994ರಲ್ಲಿ, ದಿಲ್ಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಸಂಸ್ಥೆ ‘ಇನ್‌ಪೇಜ್’ ಎಂಬ ತಂತ್ರಾಂಶದಲ್ಲಿ ಇದೇ ನೂರಿ ನಸ್ತಲೀಖನ್ನು ಸಾಮಾನ್ಯ ಕಂಪ್ಯೂಟರಿಗೆ ಇಳಿಸಿದಾಗ. ಕೆಲವೇ ವರ್ಷಗಳಲ್ಲಿ ಬೆಂಗಳೂರು, ಹೈದರಾಬಾದು, ಕಲಬುರಗಿ, ಬೀದರ್ ಎಂದು ಎಲ್ಲ ಕಡೆಯ ಉರ್ದು ಕಚೇರಿಗಳಿಗೂ ಅದು ಹಬ್ಬಿತು. ಕೇಂದ್ರ ಸರ್ಕಾರದ ಉರ್ದು ಅಭಿವೃದ್ಧಿ ಮಂಡಳಿ ಹಿಂದೆ ಸುಂದರ ಬರಹದ ತರಬೇತಿ ಕೇಂದ್ರಗಳಿಗೆ ನೆರವು ಕೊಡುತ್ತಿತ್ತು. ಈಗ ಅದರ ಪಕ್ಕದಲ್ಲೇ ಕಂಪ್ಯೂಟರ್ ತರಬೇತಿ ಕೇಂದ್ರಗಳು ತೆರೆದವು. ಒಂದೇ ಬೀದಿಯಲ್ಲಿ ಒಂದು ಬಾಗಿಲಲ್ಲಿ ಹಳೆಯವರು, ಇನ್ನೊಂದರಲ್ಲಿ ಹೊಸಬರು.

ಕನ್ನಡದಲ್ಲಿ ಈ ಬದಲಾವಣೆ ಮೆಟ್ಟಿಲು ಮೆಟ್ಟಿಲಾಗಿ ನಡೆಯಿತು. ಕಲ್ಲಿನಿಂದ ಮೊಳೆ, ಮೊಳೆಯಿಂದ ಫೋಟೊ ಅಕ್ಷರ, ಅಲ್ಲಿಂದ ಕಂಪ್ಯೂಟರ್. 1998ರಲ್ಲಿ ‘ಬರಹ’ ಬಂದು ಮನೆಮನೆಯಲ್ಲೂ ಕನ್ನಡ ಟೈಪು ಮಾಡುವಂತಾಗುವ ಹೊತ್ತಿಗೆ ಮೊಳೆ ಜೋಡಿಸುವವರ ಎರಡು ಮೂರು ತಲೆಮಾರುಗಳು ಬಂದು ಹೋಗಿದ್ದವು. ಉರ್ದುವಿನಲ್ಲಿ ನಡುವಿನ ಮೆಟ್ಟಿಲುಗಳೇ ಇಲ್ಲ. ಬಿದಿರಿನ ಲೇಖನಿಯಿಂದ ನೇರ ಕೀಲಿಮಣೆಗೆ ಜಿಗಿತ. ಅಜ್ಜ, ಮೊಮ್ಮಗಳ ನಡುವೆ ಅಪ್ಪ ಇಲ್ಲದ ಮನೆಯಂತೆ.

ಕಚೇರಿ ಬದಲಾದ ಬಗೆ

ನಮ್ಮ ವಾರಪತ್ರಿಕೆಗೆ ಕಂಪ್ಯೂಟರಿನ ಜೊತೆ ಒಬ್ಬಳು ಹುಡುಗಿಯೂ ಬಂದಳು. ತರಬೇತಿ ಕೇಂದ್ರದಲ್ಲಿ ಕಲಿತವಳು, ವಯಸ್ಸು ಇಪ್ಪತ್ತು ದಾಟಿರಲಿಲ್ಲ. ಆ ಕಚೇರಿಯ ಸಂಬಳದ ಪುಸ್ತಕದಲ್ಲಿ ಹೆಸರು ಬರೆಸಿದ ಮೊದಲ ಹೆಣ್ಣು ಅವಳೇ. ಇದನ್ನು ನಾನು ಸಣ್ಣ ಮಾತೆಂದು ತಿಳಿಯುವುದಿಲ್ಲ. ಹಜ್ರತರ ವಿದ್ಯೆ ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಚಾಕರಿ ಮಾಡಿ ಕಲಿಯುವ ವಿದ್ಯೆ. ನಮ್ಮ ಊರಿನಲ್ಲಿ ಆ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದನ್ನು ನಾನು ಕಾಣೆ. ಕೀಲಿಮಣೆ ಗುರುವನ್ನು ಕೇಳಲಿಲ್ಲ, ಮನೆತನ ಕೇಳಲಿಲ್ಲ, ಆರೇಳು ತಿಂಗಳು ಸಾಕೆಂದಿತು. ಅವಳ ಸಂಬಳದಿಂದ ಒಂದು ಸಂಸಾರ ನಡೆಯುತ್ತಿತ್ತು. ಹಳೆಯ ದಿನಗಳೇ ಚೆನ್ನಾಗಿದ್ದವು ಎಂದು ಹಲುಬುವವರು ಈ ಹುಡುಗಿಯ ಮುಖವನ್ನೂ ಒಮ್ಮೆ ನೆನೆಯಬೇಕು.

ಆದರೆ ಯಂತ್ರ ಬಂದ ದಿನದಿಂದ ಕಚೇರಿಯ ನಡವಳಿಕೆಯೇ ಬೇರೆಯಾಯಿತು. ಹಿಂದೆ ಲೇಖನ ಮಧ್ಯಾಹ್ನದೊಳಗೆ ಹಜ್ರತರ ಕೈ ಸೇರಬೇಕಿತ್ತು. ತಡವಾದರೆ ಅವರು ‘ಮುಂದಿನ ವಾರ’ ಎಂದುಬಿಡುತ್ತಿದ್ದರು, ಸಂಪಾದಕರಿಗೂ ಸಹ. ಈಗ ರಾತ್ರಿ ಹತ್ತಕ್ಕೂ ಸುದ್ದಿ ಬದಲಿಸಬಹುದೆಂದು ಎಲ್ಲರಿಗೂ ತಿಳಿಯಿತು. ತಿಳಿದ ಮೇಲೆ ಎಲ್ಲರೂ ರಾತ್ರಿ ಹತ್ತಕ್ಕೇ ತಂದರು. ಹಿಂದೆ ಒಂದು ತಪ್ಪಾದರೆ ಇಡೀ ಅಂಕಣವನ್ನು ಮತ್ತೆ ಬರೆಯಬೇಕಾಗಬಹುದೆಂಬ ಭಯಕ್ಕೆ ಬರೆಯುವವರು ಎರಡು ಸಲ ಯೋಚಿಸುತ್ತಿದ್ದರು. ಈಗ ‘ಆಮೇಲೆ ಸರಿಮಾಡೋಣ’ ಎಂಬ ಮಾತು ಹುಟ್ಟಿಕೊಂಡಿತು. ಅಳಿಸುವುದು ಸುಲಭವಾದಂತೆ ಯೋಚಿಸುವುದು ಮುಂದಕ್ಕೆ ಹೋಯಿತು.

ಮಾತಿನ ರೀತಿಯೂ ಬದಲಾಯಿತು. ಹಜ್ರತ್ ಎಂದು ಕರೆಯುತ್ತಿದ್ದ ಜಾಗದಲ್ಲಿ ಈಗ ‘ಆಪರೇಟರ್’ ಕೂತಿದ್ದಳು. ಕಲ್ಲಚ್ಚಿನ ಪುಸ್ತಕದ ಕೊನೆಯಲ್ಲಿ ಕಾತಿಬನ ಹೆಸರು ಇರುತ್ತಿತ್ತು. ಆಪರೇಟರಳ ಹೆಸರು ಎಲ್ಲೂ ಇರಲಿಲ್ಲ. ಕೆಲಸದಲ್ಲಿ ಅವಳು ಹಜ್ರತರಿಗಿಂತ ನಾಲ್ಕು ಪಟ್ಟು ವೇಗ. ಆದರೆ ಸಂಪಾದಕರನ್ನು ನಿಲ್ಲಿಸಿ ‘ಇದು ಹೀಗೋ ಹಾಗೋ?’ ಎಂದು ಕೇಳುವ ಅಧಿಕಾರ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಹಜ್ರತರಿಗೂ ಯಾರೂ ಕೊಟ್ಟಿರಲಿಲ್ಲ ನಿಜ. ಅವರ ವಯಸ್ಸು, ಅವರ ಕಲೆ, ಅವರಿಲ್ಲದಿದ್ದರೆ ಪತ್ರಿಕೆ ಇಲ್ಲವೆಂಬ ಸತ್ಯ ಆ ಅಧಿಕಾರವನ್ನು ಕೊಟ್ಟಿದ್ದವು. ಈ ಹುಡುಗಿ ಕೇಳಿದರೆ ‘ಕೊಟ್ಟದ್ದನ್ನು ಹೊಡಿಯಮ್ಮಾ’ ಎಂಬ ಉತ್ತರ ಬರುತ್ತಿತ್ತು. ಎರಡು ಸಲ ಆ ಉತ್ತರ ಕೇಳಿದವಳು ಮೂರನೆಯ ಸಲ ಕೇಳಲಿಲ್ಲ.

ಒಂದು ಚುಕ್ಕೆ

ಉರ್ದುವಿನಲ್ಲಿ ‘ರೇ’ ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಇಟ್ಟರೆ ಅದು ‘ಜೇ’ ಆಗುತ್ತದೆ. ‘ರಹ್ಮತ್’ ಎಂದರೆ ಕರುಣೆ, ಕೃಪೆ. ಅದೇ ಪದಕ್ಕೆ ಒಂದು ಚುಕ್ಕೆ ಇಟ್ಟರೆ ‘ಜಹ್ಮತ್’, ಅಂದರೆ ತೊಂದರೆ, ಕಾಟ.

ಹಜ್ರತ್ ಹೋದ ಮೂರು ತಿಂಗಳಿಗೆ ಊರಿನ ಒಬ್ಬ ಹಿರಿಯರು ತೀರಿಕೊಂಡರು. ಬಡ ಮಕ್ಕಳ ಶಾಲಾ ಶುಲ್ಕ ಕಟ್ಟುತ್ತಿದ್ದ ಮನುಷ್ಯ. ಸಂಪಾದಕರು ಶ್ರದ್ಧಾಂಜಲಿ ಬರೆದರು. ಅವರ ಬದುಕು ಊರಿಗೆ ರಹ್ಮತ್ ಆಗಿತ್ತು ಎಂಬುದು ಅದರ ಕೊನೆಯ ಸಾಲು. ಅವರ ಪೆನ್ನು ಶಾಯಿ ಉಗುಳುವ ಹಳೆಯ ಪೆನ್ನು. ಕಾಗದದ ಮೇಲೆ ‘ರೇ’ಯ ನೆತ್ತಿಯ ಮೇಲೆ ಸರಿಯಾಗಿ ಒಂದು ಹನಿ ಬಿದ್ದಿತ್ತು. ಹುಡುಗಿ ಕಂಡದ್ದನ್ನು ಕಂಡ ಹಾಗೆಯೇ ಟೈಪು ಮಾಡಿದಳು. ಪರದೆಯ ಮೇಲೆ ಅದು ಎಷ್ಟು ಅಂದವಾಗಿ ಮೂಡಿತೆಂದರೆ ಅದು ತಪ್ಪೆಂದು ಅನ್ನಿಸುವಂತಿರಲಿಲ್ಲ. ಕೈಬರಹದ ತಪ್ಪು ತಪ್ಪಿನ ಹಾಗೆ ಕಾಣುತ್ತದೆ. ಯಂತ್ರದ ತಪ್ಪು ಒಪ್ಪಿಗಿಂತ ಚೆಂದವಾಗಿ ಕಾಣುತ್ತದೆ.

ಪತ್ರಿಕೆ ಹಂಚಿಕೆಯಾದ ಬೆಳಿಗ್ಗೆ ತೀರಿಕೊಂಡವರ ಮಗ ಕಚೇರಿಗೆ ಬಂದರು. ಜಗಳ ಮಾಡಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಆ ಪದದ ಮೇಲೆ ಬೆರಳಿಟ್ಟರು. ‘ನಮ್ಮ ತಾಯಿಗೆ ಓದು ಬರುತ್ತದೆ’ ಎಂದಷ್ಟೇ ಹೇಳಿ ಹೋದರು. ಇಡೀ ಕಚೇರಿ ಮೌನವಾಯಿತು. ಆಮೇಲೆ ಸಂಪಾದಕರು ಹುಡುಗಿಯ ಕಡೆ ನೋಡಿದರು. ಹುಡುಗಿ ಕೈಬರಹದ ಹಾಳೆಯನ್ನು ತಂದು ಆ ಹನಿಯನ್ನು ತೋರಿಸಿದಳು. ಸಂಪಾದಕರು ಕಂಪ್ಯೂಟರನ್ನು ಬೈದರು. ಕಂಪ್ಯೂಟರ್ ಸುಮ್ಮನಿತ್ತು.

ಆ ಪುಟದ ಪ್ರೂಫ್ ನೋಡಿದವನು ನಾನು. ನೋಡಿದ್ದೆ, ಓದಿರಲಿಲ್ಲ. ಸಾಲುಗಳು ನೇರವಿವೆಯೇ, ಶೀರ್ಷಿಕೆ ಅಂಕಣದೊಳಗೆ ಕೂತಿದೆಯೇ ಎಂದಷ್ಟೇ ಕಣ್ಣಾಡಿಸಿ ರುಜು ಹಾಕಿದ್ದೆ. ಹಜ್ರತರ ಕಾಲದಲ್ಲೂ ನಾನು ಹಾಗೆಯೇ ಮಾಡುತ್ತಿದ್ದೆ ಎಂಬುದು ಆ ದಿನ ನನಗೆ ಅರ್ಥವಾಯಿತು. ಆಗ ತಪ್ಪುಗಳು ನನ್ನವರೆಗೆ ಬರುತ್ತಲೇ ಇರಲಿಲ್ಲ. ಅವರು ಮೊದಲೇ ಹಿಡಿದಿರುತ್ತಿದ್ದರು. ನನ್ನ ಕೆಲಸವನ್ನೂ ಅವರೇ ಮಾಡುತ್ತಿದ್ದರು, ಸಂಬಳ ಮಾತ್ರ ನಾನು ಪಡೆಯುತ್ತಿದ್ದೆ.

ಹುಡುಗಿಯ ತಪ್ಪು ಇದರಲ್ಲಿ ಎಷ್ಟು? ಅವಳನ್ನು ಟೈಪು ಮಾಡಲು ಇಟ್ಟಿದ್ದರು, ಅವಳು ಟೈಪು ಮಾಡಿದಳು. ಯಂತ್ರದ ತಪ್ಪು ಎಷ್ಟು? ಅದು ಬರೆಯುವ ಕೆಲಸವನ್ನು ವಹಿಸಿಕೊಂಡಿತ್ತು, ಅದನ್ನು ಮಾಡಿತು. ಓದುವ ಕೆಲಸವನ್ನು ಯಾರೂ ಯಾರಿಗೂ ವಹಿಸಿರಲಿಲ್ಲ. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲವಾದ್ದರಿಂದ, ಹಜ್ರತ್ ಹೊರಟಾಗ ಅವರಿಂದ ಅದನ್ನು ಯಾರೂ ಕೇಳಿ ಪಡೆದುಕೊಳ್ಳಲಿಲ್ಲ. ಹಳಬರನ್ನು ಕಳಿಸುವ ಎಲ್ಲ ಕಚೇರಿಗಳಲ್ಲೂ ಹೀಗೆಯೇ ಆಗುತ್ತದೆ ಎಂದು ನನಗೀಗ ಅನ್ನಿಸುತ್ತದೆ. ಅವರು ಮಾಡುತ್ತಿದ್ದ ಕೆಲಸದಲ್ಲಿ ಹೆಸರಿದ್ದಷ್ಟನ್ನು ಯಂತ್ರಕ್ಕೆ ಕೊಡುತ್ತೇವೆ. ಹೆಸರಿಲ್ಲದ ಪಾಲು ಅವರೊಂದಿಗೆ ಬಾಗಿಲು ದಾಟುತ್ತದೆ.

ಚೆನ್ನೈನ ಒಂದು ಮೂಲೆ

ಎಲ್ಲರೂ ಒಂದೇ ದಾರಿ ಹಿಡಿಯಲಿಲ್ಲ. ಚೆನ್ನೈನ ಟ್ರಿಪ್ಲಿಕೇನಿನಿಂದ ಸೈಯದ್ ಅಜ್ಮತುಲ್ಲಾ ಅವರು 1927ರಲ್ಲಿ ಆರಂಭಿಸಿದ ‘ದಿ ಮುಸಲ್ಮಾನ್’ ದಿನಪತ್ರಿಕೆ 21ನೇ ಶತಮಾನಕ್ಕೆ ಕಾಲಿಟ್ಟ ಮೇಲೂ ಕೈಬರಹದಲ್ಲೇ ಹೊರಬರುತ್ತಿತ್ತು. ನಾಲ್ಕು ಪುಟ, ಬೆಲೆ 75 ಪೈಸೆ. ಕಾತಿಬರು ಒಂದು ಪುಟಕ್ಕೆ ಸುಮಾರು ಮೂರು ತಾಸು ತೆಗೆದುಕೊಳ್ಳುತ್ತಿದ್ದರು. ಅವರಲ್ಲಿ ಮಹಿಳೆಯರೂ ಇದ್ದರು. ನಮ್ಮ ಊರಿನಲ್ಲಿ ಕೀಲಿಮಣೆಗಾಗಿ ಕಾದ ಬಾಗಿಲು ಅಲ್ಲಿ ಲೇಖನಿಯಿಂದಲೇ ತೆರೆದಿತ್ತು. ಅಂದರೆ ಬಾಗಿಲು ಮುಚ್ಚಿದ್ದದ್ದು ಲೇಖನಿಯಲ್ಲ, ನಾವು.

ಆ ಪತ್ರಿಕೆಯ ಒಂದು ರೂಢಿ ನನಗೆ ಬಹಳ ಇಷ್ಟ. ಮುಖಪುಟದ ಒಂದು ಮೂಲೆಯನ್ನು ಮಧ್ಯಾಹ್ನ ಮೂರು ಗಂಟೆಯವರೆಗೆ ಖಾಲಿ ಬಿಡುತ್ತಿದ್ದರು, ದೊಡ್ಡ ಸುದ್ದಿ ಬಂದರೆ ಇರಲಿ ಎಂದು. ಮಿಕ್ಕದ್ದೆಲ್ಲ ಅದಕ್ಕೂ ಮೊದಲು ನಿರ್ಧಾರವಾಗಿರಬೇಕು. ಬದಲಾವಣೆಗೆ ಜಾಗ ಉಂಟು, ಆದರೆ ಆ ಜಾಗಕ್ಕೆ ಅಂಚುಂಟು. ಸಂಸ್ಥಾಪಕರ ಮಗ ಸೈಯದ್ ಫಜ್ಲುಲ್ಲಾ ದಶಕಗಳ ಕಾಲ ಅದನ್ನು ನಡೆಸಿದರು. ಮಕ್ಕಳಿಗೆ ಈ ಬರಹದಲ್ಲಿ ಆಸಕ್ತಿಯಿಲ್ಲವೆಂದು ಅವರು ಕೊರಗುತ್ತಿದ್ದುದು ಪತ್ರಿಕೆಗಳಲ್ಲಿ ವರದಿಯಾಗಿತ್ತು. 2008ರಲ್ಲಿ ಅವರು ತೀರಿಕೊಂಡಾಗ ಮಗ ಸೈಯದ್ ಆರಿಫುಲ್ಲಾ ಹೊಣೆ ಹೊತ್ತು ಕೈಬರಹವನ್ನೇ ಮುಂದುವರಿಸಿದರು. ಹೊಸ ತಲೆಮಾರಿನ ಬಗ್ಗೆ ಹಳೆಯ ತಲೆಮಾರಿನ ಅಂದಾಜು ಎಷ್ಟೋ ಸಲ ತಪ್ಪುತ್ತದೆ.

ಎಲ್ಲರೂ ಚೆನ್ನೈನಂತೆ ಇರಬೇಕೆಂದು ನಾನು ಹೇಳುತ್ತಿಲ್ಲ, ಅದು ಸಾಧ್ಯವೂ ಇಲ್ಲ. ಇನ್‌ಪೇಜ್ ಇಲ್ಲದಿದ್ದರೆ ಜಿಲ್ಲಾ ಊರುಗಳ ಎಷ್ಟೋ ಉರ್ದು ಪತ್ರಿಕೆಗಳು ಹುಟ್ಟುತ್ತಲೇ ಇರಲಿಲ್ಲ. 2014ರಲ್ಲಿ ಗೂಗಲ್‌ನ ನೋಟೊ ನಸ್ತಲೀಖ್ ಬಂತು. ಇಂದು ಬೀದರಿನ ಹುಡುಗ ತನ್ನ ಫೋನಿನಲ್ಲಿ ನಸ್ತಲೀಖ್ ಬರೆಯಬಲ್ಲ. ಈಚೆಗೆ ಯಂತ್ರವೇ ವಾಕ್ಯಗಳನ್ನೂ ಬರೆದುಕೊಡುತ್ತಿದೆ, ಅನುವಾದವನ್ನೂ ಮಾಡುತ್ತಿದೆ. ಕೆರೆಯನ್ನು ಹೂಳುವ ಅನುವಾದಗಳು ಈಗ ಕ್ಷಣಾರ್ಧದಲ್ಲಿ ಸಿಗುತ್ತವೆ, ಅಂದವಾದ ಅಕ್ಷರದಲ್ಲಿ. ‘ಮಿಯಾ, ಇದು ಹೀಗೋ ಹಾಗೋ?’ ಎಂದು ಕೇಳುವವರನ್ನು ಯಾವ ಕುರ್ಚಿಯಲ್ಲಿ ಕೂರಿಸಬೇಕು ಎಂಬುದನ್ನು ಮಾತ್ರ ನಾವೇ ನಿರ್ಧರಿಸಬೇಕು.

ನಮ್ಮ ವಾರಪತ್ರಿಕೆಯಲ್ಲಿ ಅದನ್ನು ನಿರ್ಧರಿಸಿದವಳು ಆ ಹುಡುಗಿಯೇ. ಆ ಘಟನೆಯ ಮರುದಿನ ಅವಳು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಳು. ಸಂಶಯ ಬಂದ ಪದಗಳನ್ನು ಅದರಲ್ಲಿ ಬರೆದು, ಪುಟ ಅಚ್ಚಿಗೆ ಹೋಗುವ ಮೊದಲು ಸಂಪಾದಕರ ಮುಂದೆ ಇಡುತ್ತಿದ್ದಳು. ಪ್ರತಿ ಪದದ ಎದುರು ಅವರ ರುಜು ಬೇಕೇ ಬೇಕು ಎಂದು ಹಟ ಹಿಡಿದಳು. ಮೊದಲು ಸಂಪಾದಕರು ಗೊಣಗಿದರು, ಆಮೇಲೆ ರೂಢಿಯಾಯಿತು. ಮುಂದೆ ಅದು ಇನ್ನೊಂದು ರೂಢಿಗೆ ದಾರಿ ಮಾಡಿತು. ಪುಟ ಮುಗಿದ ಮೇಲೆ ನಾನು ಕೈಬರಹವನ್ನು ಜೋರಾಗಿ ಓದುವುದು, ಅವಳು ಪರದೆಯ ಮೇಲೆ ಬೆರಳಿಟ್ಟು ಕೇಳುವುದು. ಇದಕ್ಕೆ ಮುಕಾಬಲಾ ಎಂಬ ಹೆಸರಿದೆ, ಸಾವಿರ ವರ್ಷದ ಚರಿತ್ರೆಯಿದೆ ಎಂದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಹಜ್ರತ್ ಆಮೇಲೆ ಮದುವೆ ಕಾರ್ಡುಗಳನ್ನು ಬರೆದುಕೊಂಡಿದ್ದರು. ಒಮ್ಮೆ ದಾರಿಯಲ್ಲಿ ಸಿಕ್ಕಾಗ ನಾನು ನೋಟ್‌ಬುಕ್ಕಿನ ಸಂಗತಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹುಡುಗಿಯ ಹೆಸರೇನೆಂದು ಕೇಳಿದರು. ಹೇಳಿದೆ. ಮುಂದಿನ ವಾರ ಅವಳ ಮೇಜಿನ ಮೇಲೆ ಒಂದು ಲಕೋಟೆ ಇತ್ತು. ಒಳಗೆ ದಪ್ಪ ಕಾಗದದ ಮೇಲೆ ನಸ್ತಲೀಖಿನಲ್ಲಿ ಅವಳ ಹೆಸರು, ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ಬರೆದವರ ಹೆಸರು. ಅವಳು ಅದನ್ನು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದಳು. ನಾನು ಆ ಕಚೇರಿ ಬಿಡುವವರೆಗೂ ಅದು ಅಲ್ಲೇ ಇತ್ತು.